ತಿರುಗುವ ಭಾಗವೇ ಇಲ್ಲದ ಯುರೇನಿಯಂ ಯಂತ್ರ: ಮತ್ಯಾಕೆ ಯಾರೂ ಬಳಸುವುದಿಲ್ಲ?

ಪೆರ್ಲದ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸಿ ಈಗ ನಿವೃತ್ತನಾಗಿದ್ದೇನೆ. ಶನಿವಾರ ಸಂಜೆ ಊರಿನ ವಾಚನಾಲಯದಲ್ಲಿ ಏಳೆಂಟು ಮಕ್ಕಳು ಸೇರುತ್ತಾರೆ. ಸಿಲೆಬಸ್ ಗೊಡವೆ ಇಲ್ಲ, ಬಾಯಿಗೆ ಬಂದದ್ದು ಮಾತಾಡುತ್ತೇವೆ.

ಕಳೆದ ವಾರ ಪ್ಲಸ್ ಟು ಓದುವ ಒಬ್ಬ ಹುಡುಗ ಸಿಕ್ಕಿಸಿ ಹಾಕಿದ. ಪೇಪರಿನಲ್ಲಿ ಯುರೇನಿಯಂ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರದ ಸುದ್ದಿ ಓದಿ, ಮೊಬೈಲಿನಲ್ಲಿ ಹುಡುಕುತ್ತಾ ಹೋಗಿ, ‘ನಾಝಲ್ ವಿಧಾನ’ ಅಂತ ಒಂದನ್ನು ಹಿಡಿದುಕೊಂಡು ಬಂದಿದ್ದ. "ಸರ್, ಸೆಂಟ್ರಿಫ್ಯೂಜ್ ಅಂದ್ರೆ ಭಯಂಕರ ವೇಗದಲ್ಲಿ ತಿರುಗಬೇಕು. ಇದರಲ್ಲಿ ತಿರುಗುವ ಭಾಗವೇ ಇಲ್ಲ, ಬರೀ ಒಂದು ಬಾಗಿದ ಸಂದಿ. ಗಾಳಿ ಬಿಟ್ಟರೆ ಆಯಿತು. ಇದೇ ಸುಲಭ ಅಲ್ವಾ? ಮತ್ಯಾಕೆ ಯಾರೂ ಬಳಸುವುದಿಲ್ಲ?"

ಮೂವತ್ತು ವರ್ಷ ಹೇಳಿ ರೂಢಿಯಾದ ಉತ್ತರವನ್ನೇ ಕೊಟ್ಟೆ: "ಒಳ್ಳೆ ಪ್ರಶ್ನೆ, ಮುಂದಿನ ವಾರ ಹೇಳ್ತೇನೆ."

ನನಗೆ ಗೊತ್ತಿರುವುದು ಇಷ್ಟು. ಅಗೆದು ತೆಗೆದ ಯುರೇನಿಯಂನಲ್ಲಿ ಸಾವಿರಕ್ಕೆ ಏಳು ಪರಮಾಣು ಮಾತ್ರ 235 ತೂಕದ್ದು, ರಿಯಾಕ್ಟರಿನಲ್ಲಿ ಸುಲಭವಾಗಿ ಒಡೆದು ಶಕ್ತಿ ಕೊಡುವುದು ಇದೇ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ತುಸು ಭಾರದ 238. ಹೆಚ್ಚಿನ ದೇಶಗಳ ರಿಯಾಕ್ಟರಿಗೆ ಈ ಏಳು ಮೂವತ್ತು, ಐವತ್ತು ಆಗಬೇಕು. ರಸಾಯನದಲ್ಲಿ ಎರಡೂ ಒಂದೇ, ಆಸಿಡ್ ಹಾಕಿ ಬೇರ್ಪಡಿಸಲು ಬರುವುದಿಲ್ಲ. ತೂಕವೊಂದೇ ಗತಿ. ಅದಕ್ಕೆ ಫ್ಲೋರಿನ್ ಸೇರಿಸಿ ಯುರೇನಿಯಂ ಹೆಕ್ಸಾಫ್ಲೋರೈಡ್ ಮಾಡುತ್ತಾರೆ, ಅದು ಸುಲಭವಾಗಿ ಅನಿಲವಾಗುತ್ತದೆ. ಮುಂದಿನದ್ದು ತಿಳಿದವರು ಹೇಳಿ. ಹುಡುಗನಿಗೆ ಹೇಳುವ ಹಾಗೆ ಹೇಳಿ, ನನಗೆ ಹೇಳುವ ಹಾಗೆ ಬೇಡ.

ಅಡಿಕೆ ಸೋಗೆ, ಮುಳ್ಳೇರಿಯಾ

ಮಾಷ್ಟ್ರೇ, ನಾಝಲ್ ಅಂದ ಕೂಡಲೇ ಓಡಿ ಬಂದೆ. ನಮ್ಮಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ನಾಝಲ್ ಬಿಟ್ಟು ಬೇರೆ ನಾಝಲ್ ಇದೆ ಅಂತ ಇವತ್ತು ಗೊತ್ತಾಯಿತು. ಬೋರ್ಡೋ ಬಿಟ್ಟ ಹಾಗೆ ಯುರೇನಿಯಂ ಬಿಡುತ್ತಾರಾ? 😀

ಉಪ್ಪಳ ಸ್ಟೇಷನ್

ನಗಬೇಡಿ ಸೋಗೆ ಅವರೇ, ನಿಮ್ಮ ನಾಝಲ್ ಬಹಳ ದೂರದ್ದೇನೂ ಅಲ್ಲ. ನಾನು ಭೌತಶಾಸ್ತ್ರ ಓದಿದವ, ಹೇಳಲು ನೋಡುತ್ತೇನೆ.

ಬದಿಯಡ್ಕದಿಂದ ಮುಳ್ಳೇರಿಯಾಕ್ಕೆ ಬಸ್ಸಿನಲ್ಲಿ ಹೋಗುವುದನ್ನು ನೆನಪಿಸಿಕೊಳ್ಳಿ. ತಿರುವಿನಲ್ಲಿ ನಿಂತವರೆಲ್ಲ ಹೊರಬದಿಗೆ ವಾಲುತ್ತಾರೆ. ಅನಿಲವನ್ನು ಸಣ್ಣ ಸಂದಿಯಿಂದ ಜೋರಾಗಿ ಬಿಟ್ಟು, ಅರ್ಧಚಂದ್ರದ ಹಾಗೆ ಬಾಗಿದ ಗೋಡೆಯ ಮೇಲೆ ಓಡಿಸಿದರೂ ಹಾಗೇ ಆಗುತ್ತದೆ. ಭಾರದ ಕಣಗಳು ಗೋಡೆಯ ಕಡೆಗೆ ತುಸು ಜಾಸ್ತಿ, ಹಗುರದವು ಒಳಬದಿಗೆ ತುಸು ಜಾಸ್ತಿ. ಸಂದಿಯ ಕೊನೆಯಲ್ಲಿ ಕತ್ತಿಯ ಬಾಯಿಯಂತಹ ಒಂದು ಅಂಚು ಇಟ್ಟು ಹರಿವನ್ನು ಎರಡಾಗಿ ಸೀಳುತ್ತಾರೆ. ಒಳಗಿನ ಪಾಲಿನಲ್ಲಿ 235 ಕೂದಲೆಳೆಯಷ್ಟು ಹೆಚ್ಚು. ಅಷ್ಟೇ ವಿಷಯ. ಸೆಂಟ್ರಿಫ್ಯೂಜಿನಲ್ಲಿ ಪಾತ್ರೆ ತಿರುಗುತ್ತದೆ, ಇಲ್ಲಿ ಗೋಡೆ ಸುಮ್ನೆ ನಿಂತಿರುತ್ತದೆ, ಅನಿಲ ತಿರುಗುತ್ತದೆ.

‘ತುಸು’ ಅಂದರೆ ಎಷ್ಟು? ಹೆಕ್ಸಾಫ್ಲೋರೈಡಿನ ಭಾರದ ಅಣು 352, ಹಗುರದ ಅಣು 349. ಸುಲಿದ ಎರಡು ಸಣ್ಣ ತೆಂಗಿನಕಾಯಿ, ಒಂದು 352 ಗ್ರಾಂ, ಇನ್ನೊಂದು 349 ಗ್ರಾಂ ಅಂದುಕೊಳ್ಳಿ. ಕೈಯಲ್ಲಿ ಹಿಡಿದು ಯಾವುದು ಭಾರ ಅಂತ ಹೇಳಲು ಯಾರಿಂದ ಸಾಧ್ಯ? ಫ್ಲೋರಿನ್‌ನ ಪುಣ್ಯವೋ ನಮ್ಮ ಪುಣ್ಯವೋ, ಪ್ರಕೃತಿಯಲ್ಲಿ ಅದರ ಪರಮಾಣುಗಳೆಲ್ಲ ಒಂದೇ ತೂಕದವು. ಇಲ್ಲದಿದ್ದರೆ ಯಾವ 3 ಗ್ರಾಂ ಯಾರದ್ದು ಅಂತಲೇ ತಿಳಿಯುತ್ತಿರಲಿಲ್ಲ.

ಹಾಗಾಗಿ ಒಂದು ಸಲ ಸೀಳಿದರೆ ಏನೂ ಆಗುವುದಿಲ್ಲ. ಸೀಳಿದ್ದನ್ನು ಮುಂದಿನ ಸಾಲಿಗೆ, ಅಲ್ಲಿಂದ ಮುಂದಿನ ಸಾಲಿಗೆ ಕಳಿಸಬೇಕು. ನೂರಾರು ಹಂತ.

ಜತ್ತದ ಜ್ವಾಳ

ನಮಸ್ಕಾರ್ರೀ, ಜತ್ತ ತಾಲೂಕಿನಿಂದ. ಇದು ಕಣದಾಗ ಜ್ವಾಳ ತೂರಿದಂಗ ಅಲ್ವಾ? ಗಾಳಿಗೆ ಹಿಡಿದರೆ ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಇಷ್ಟಕ್ಕೆ ನೂರಾರು ಹಂತ ಯಾಕೆ?

ಉಪ್ಪಳ ಸ್ಟೇಷನ್

ಹೊಟ್ಟು, ಕಾಳಿನ ನಡುವೆ ಅಜಗಜಾಂತರ ಇದೆ, ಅದಕ್ಕೇ ಒಂದೇ ತೂರಿಗೆ ಮುಗಿಯುತ್ತದೆ. ಇಲ್ಲಿ ಎರಡೂ ಕಾಳೇ. ಒಂದು ಕಾಳು ಇನ್ನೊಂದಕ್ಕಿಂತ ನೂರರಲ್ಲಿ ಒಂದು ಪಾಲೂ ಹಗುರ ಇಲ್ಲ. ಅಂಥ ರಾಶಿ ತೂರುವವನ ರಟ್ಟೆ ಏನಾಗಬೇಕು, ನೀವೇ ಹೇಳಿ.

ಗಡಿನಾಡ ಗುಬ್ಬಿ, ಮಂಜೇಶ್ವರ

ಒಂದು ಸಂಶಯ. ನನ್ನ ಅಣ್ಣ ಕೆಲವು ವರ್ಷ ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಇದ್ದ. ಅಲ್ಲಿ ಇಂಥದ್ದೇನೂ ಬೇಡ, ಸಾದಾ ಯುರೇನಿಯಂ ಸಾಕು ಅಂತ ಹೇಳುತ್ತಿದ್ದ. ಅವನು ಹೇಳಿದ್ದು ಸರಿಯಾ ಅಥವಾ ಎಂದಿನ ಹಾಗೆ ಬುರುಡೆಯಾ?

ಉಪ್ಪಳ ಸ್ಟೇಷನ್

ಈ ಸಲ ಅಣ್ಣ ಸರಿ. ಕೈಗಾದ್ದು ಭಾರಜಲದ ರಿಯಾಕ್ಟರ್, 220 ಮೆಗಾವ್ಯಾಟಿನ ನಾಲ್ಕು. ಭಾರಜಲ ಅಂದರೆ ಭಾರದ ಹೈಡ್ರೋಜನ್ ಇರುವ ನೀರು. ಪರಮಾಣು ಒಡೆಯುವ ನ್ಯೂಟ್ರಾನನ್ನು ಅದು ಕಮ್ಮಿ ನುಂಗುತ್ತದೆ, ಹಾಗಾಗಿ ಸಾವಿರಕ್ಕೆ ಏಳೇ ಸಾಕು. ಸಾದಾ ನೀರಿನ ರಿಯಾಕ್ಟರಿಗೆ ಮಾತ್ರ ಈ ಬೇರ್ಪಡಿಸುವ ತಲೆನೋವು: ತಾರಾಪುರದ ಹಳೆಯ ಎರಡು, ಕೂಡಂಕುಳಂನ ರಷ್ಯಾದವು. ನಮ್ಮ ದೇಶದಲ್ಲಿ ಈ ಕೆಲಸ ಮೈಸೂರಿನ ಹತ್ತಿರ ರತ್ತೇಹಳ್ಳಿಯಲ್ಲಿ ನಡೆಯುತ್ತದೆ, ಅದೂ ಸೆಂಟ್ರಿಫ್ಯೂಜ್. ನಾಝಲ್ ಅಲ್ಲ.

ಪೆರ್ಲದ ಮಾಷ್ಟ್ರು

ಬಸ್ಸಿನ ತಿರುವು ಚೆನ್ನಾಗಿದೆ, ಅದನ್ನೇ ಹೇಳುತ್ತೇನೆ. ಮಧ್ಯೆ ಒಂದು ಭಾಷೆಯ ಗೋಳು. ಹಿಂದೊಮ್ಮೆ ನಮಗೆ ಕನ್ನಡಕ್ಕೆ ತಿರುಗಿಸಿದ ಒಂದು ಕೈಪಿಡಿ ಬಂದಿತ್ತು, ಅದೂ ಪರೀಕ್ಷೆಗೆ ಹದಿನೈದು ದಿನ ಇರುವಾಗ. ಅದರಲ್ಲಿ ನಾಝಲ್‌ಗೆ ‘ಪ್ರಕ್ಷೇಪಕ ಸೂಕ್ಷ್ಮಮುಖ’ ಅಂತ ಹಾಕಿದ್ದರು. ಮಕ್ಕಳು ಅದನ್ನು ಒಬ್ಬ ಹುಡುಗಿಗೆ ಅಡ್ಡಹೆಸರು ಮಾಡಿಬಿಟ್ಟರು, ನಾನು ಇಡೀ ವರ್ಷ ಅವಳನ್ನು ಸಮಾಧಾನ ಮಾಡಬೇಕಾಯಿತು. ಹಾಗಾಗಿ ನಾಝಲ್ ನಾಝಲ್ಲೇ ಇರಲಿ. ಹೀಗೆ 235ರ ಪಾಲು ಹೆಚ್ಚಿಸುವ ‘ಎನ್‌ರಿಚ್‌ಮೆಂಟ್’ಗೆ ಪೇಪರಿನವರು ಒಮ್ಮೆ ಸಂವರ್ಧನೆ, ಒಮ್ಮೆ ಸಮೃದ್ಧ ಅನ್ನುತ್ತಾರೆ. ಯಾವುದು ಹೇಳಲಿ?

ಅಡಿಕೆ ಸೋಗೆ, ಮುಳ್ಳೇರಿಯಾ

ಸಮೃದ್ಧ ಅಂದ್ರೆ ನಮಗೆ ಫಸಲು ಕಣ್ಣಿಗೆ ಬರುತ್ತದೆ. ಸಂವರ್ಧನೆ ಇರಲಿ, ಯಾರಿಗೂ ಏನೂ ಕಣ್ಣಿಗೆ ಬರುವುದಿಲ್ಲ.

ಉಪ್ಪಳ ಸ್ಟೇಷನ್

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ‘ಯಾರೂ ಬಳಸುವುದಿಲ್ಲ’ ಸರಿ, ಆದರೆ ಬಳಸಿದವರಿದ್ದಾರೆ.

ಜೋರಾಗಿ ಚಿಮ್ಮುವ ಅನಿಲದಿಂದ ಐಸೊಟೋಪ್, ಅಂದರೆ 235, 238ರ ಹಾಗೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು, ಬೇರ್ಪಡಿಸಬಹುದು ಅಂತ 1930ರ ದಶಕದಲ್ಲೇ ಕೈ ಹಾಕಿದವರು ಪಾಲ್ ಡಿರಾಕ್. ಭೌತಶಾಸ್ತ್ರದ ಪ್ರಸಿದ್ಧ ಸಮೀಕರಣದ ಡಿರಾಕ್, ಹೌದು ಅವರೇ. ಕೇಂಬ್ರಿಜ್‌ನಲ್ಲಿ ರಷ್ಯಾದ ವಿಜ್ಞಾನಿ ಕಪಿತ್ಸಾ ಅವರ ಪ್ರಯೋಗಾಲಯದಲ್ಲಿ ಸ್ವತಃ ಉಪಕರಣ ಜೋಡಿಸಿದ್ದರು. 1934ರಲ್ಲಿ ಊರಿಗೆ ಹೋದ ಕಪಿತ್ಸಾರನ್ನು ಸೋವಿಯತ್ ಸರ್ಕಾರ ವಾಪಸ್ ಬಿಡಲಿಲ್ಲ, ಪ್ರಯೋಗವೂ ನಿಂತಿತು.

ಅದಕ್ಕೆ ಕೈಕಾಲು ಕೊಟ್ಟವರು ಜರ್ಮನಿಯ ಎರ್ವಿನ್ ವಿಲ್ಲಿ ಬೆಕರ್, 1950ರ ದಶಕದಿಂದ ಮುಂದೆ. ಅವರ ತಂಡ ಕಾರ್ಲ್ಸ್‌ರೂಹೆಯಲ್ಲಿ ಇದನ್ನು ಬೆಳೆಸಿತು. ಹೆಕ್ಸಾಫ್ಲೋರೈಡನ್ನು ಒಂದೇ ಬಿಟ್ಟರೆ ಅದು ಭಾರ, ಬೇಕಾದ ವೇಗ ಬರುವುದಿಲ್ಲ. ಅದಕ್ಕೆ ಸ್ವಲ್ಪ ಹೆಕ್ಸಾಫ್ಲೋರೈಡಿಗೆ ಬಹುಪಾಲು ಹೈಡ್ರೋಜನ್ ಬೆರೆಸಿ ಬಿಡುತ್ತಾರೆ. ಹಗುರದ ಹೈಡ್ರೋಜನ್ ಓಡುವಾಗ ಭಾರದ್ದನ್ನೂ ಎಳೆದುಕೊಂಡು ಓಡುತ್ತದೆ. ಈ ಹೈಡ್ರೋಜನ್ನನ್ನು ನೆನಪಿಟ್ಟುಕೊಳ್ಳಿ, ಕಥೆ ಕೆಡುವುದು ಅಲ್ಲೇ.

1975ರ ಜೂನ್‌ನಲ್ಲಿ ಪಶ್ಚಿಮ ಜರ್ಮನಿ ಬ್ರೆಜಿಲ್ ಜೊತೆ ದೊಡ್ಡ ಒಪ್ಪಂದ ಮಾಡಿಕೊಂಡಿತು. ಎಂಟು ರಿಯಾಕ್ಟರ್, ಜೊತೆಗೆ ನಾಝಲ್ ಸಂವರ್ಧನೆಯ ತಂತ್ರವೂ. ಅಮೆರಿಕ ಕೂಗಾಡಿತು. ತಮಾಷೆ ಏನೆಂದರೆ ಅದೇ ಜರ್ಮನಿ 1970ರಲ್ಲೇ ಬ್ರಿಟನ್, ನೆದರ್ಲೆಂಡ್ಸ್ ಜೊತೆ ಸೆಂಟ್ರಿಫ್ಯೂಜ್ ಕೂಟ ಕಟ್ಟಿಕೊಂಡಿತ್ತು. ತನಗೆ ಸೆಂಟ್ರಿಫ್ಯೂಜ್, ಮಾರುವುದಕ್ಕೆ ನಾಝಲ್. ಬ್ರೆಜಿಲಿನ ರೆಸೆಂಡೆಯಲ್ಲಿ ನಾಝಲ್ ಸ್ಥಾವರ ಶುರುವಾಯಿತು, ದುಡ್ಡು ಕರಗಿತು, ಕೈಬಿಟ್ಟರು. ಅಷ್ಟರಲ್ಲಿ ಆ ದೇಶದ ನೌಕಾಪಡೆ ಗುಟ್ಟಾಗಿ ಸೆಂಟ್ರಿಫ್ಯೂಜ್ ಮಾಡಿಕೊಂಡಿತ್ತು. ಈಗ ರೆಸೆಂಡೆಯಲ್ಲಿ ತಿರುಗುತ್ತಿರುವುದು ಅದೇ. ಎಂಟು ರಿಯಾಕ್ಟರಿನಲ್ಲಿ ಮುಗಿದದ್ದು ಒಂದು, ಅಂಗ್ರಾ 2.

ಜತ್ತದ ಜ್ವಾಳ

ಎಂಟರಾಗ ಒಂದು! ನಮ್ಮ ಕಡೆಯ ನೀರಾವರಿ ಕಾಲುವೆ ನೆನಪಾಯ್ತು.

ಹೊಸೂರು ಫಿಟ್ಟರ್

ನಾನು ಕೃಷ್ಣಗಿರಿ ಜಿಲ್ಲೆಯವನು. ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷದಿಂದ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೇನೆ. ಯುರೇನಿಯಂ ಗೊತ್ತಿಲ್ಲ, ಒತ್ತಿದ ಗಾಳಿ ಗೊತ್ತು.

ಹುಡುಗನಿಗೆ ಒಂದು ಮಾತು ಹೇಳಿ ಮಾಷ್ಟ್ರೇ. ‘ತಿರುಗುವ ಭಾಗ ಇಲ್ಲ’ ಅಂತ ಸೇಲ್ಸ್‌ನವರು ನಮಗೂ ಹೇಳಿಯೇ ಮಾರುತ್ತಾರೆ. ನಮ್ಮ ಮೆಷಿನ್ನಿನ ಕರೆಂಟ್ ಪೆಟ್ಟಿಗೆ ಬಿಸಿಯಾಗುತ್ತದೆ, ಅದಕ್ಕೆ ‘ವೊರ್ಟೆಕ್ಸ್ ಟ್ಯೂಬ್’ ಅಂತ ಹಾಕುತ್ತೇವೆ. ಒಂದು ಗೇಣಿಗಿಂತ ಚಿಕ್ಕ ಸ್ಟೀಲ್ ಕೊಳವೆ. ಬದಿಯಿಂದ ಗಾಳಿ ಹೊಡೆದರೆ ಒಳಗೆ ಸುಳಿ ಏಳುತ್ತದೆ. ಒಂದು ತುದಿಯಲ್ಲಿ ತಣ್ಣನೆ ಗಾಳಿ, ಇನ್ನೊಂದು ತುದಿಯಲ್ಲಿ ಬಿಸಿ. ತಣ್ಣನೆ ತುದಿಗೆ ಬೆರಳು ಇಟ್ಟರೆ ಜುಮ್ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ಸುತ್ತ ಬಿಳಿ ಮಂಜು ಕೂರುತ್ತದೆ. ಬಿಸಿ ತುದಿ ಮುಟ್ಟಿದರೆ ಕೈ ಎಳೆದುಕೊಳ್ಳಬೇಕು. ಒಳಗೆ ಏನೂ ಇಲ್ಲ, ಬಿಚ್ಚಿ ನೋಡಿದ್ದೇನೆ. ಹೊಸ ಹುಡುಗರು ಮ್ಯಾಜಿಕ್ ಅಂತಾರೆ.

ಆದರೆ ಅದನ್ನು ಹಾಕಿದ ದಿನದಿಂದ ಶೆಡ್ಡಿನ ಹಿಂದಿನ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಮುಂಚೆ ಆಗಾಗ ಸುಮ್ಮನಾಗುತ್ತಿತ್ತು. ಈಗ ದಿನವಿಡೀ ಗುರ್ ಗುರ್. ಕೊಳವೆಗೆ ಸವೆತ ಇಲ್ಲ, ಕಂಪ್ರೆಸರಿಗೆ ಬೇರಿಂಗ್ ಹೋಯಿತು, ಎಣ್ಣೆ ಹೋಯಿತು, ಬೆಲ್ಟ್ ಹೋಯಿತು. ತಿರುಗುವ ಭಾಗ ಇಲ್ಲ ಅಂತಲ್ಲ, ಗೋಡೆಯ ಆಚೆ ಇದೆ ಅಷ್ಟೇ.

ಯುರೇನಿಯಂನಲ್ಲೂ ಹೀಗೇ ಇರಬೇಕು ಅಂತ ನನ್ನ ಗುಮಾನಿ.

ಉಪ್ಪಳ ಸ್ಟೇಷನ್

ಫಿಟ್ಟರ್ ಸಾಹೇಬ್ರೇ, ಕೈ ಕೊಡಿ ಇತ್ತ! ನಾನು ಹೈಡ್ರೋಜನ್ ನೆನಪಿಟ್ಟುಕೊಳ್ಳಿ ಅಂದದ್ದು ಅದಕ್ಕೇ. ಪ್ರತಿ ಹಂತದಲ್ಲೂ ಒತ್ತಡ ಇಳಿಯುತ್ತದೆ, ಮುಂದಿನ ಹಂತಕ್ಕೆ ಮತ್ತೆ ಒತ್ತಬೇಕು. ಒತ್ತುವುದು ಬರೀ ಯುರೇನಿಯಂ ಅನಿಲವನ್ನಲ್ಲ, ಅದರ ಜೊತೆಯ ರಾಶಿ ಹೈಡ್ರೋಜನ್ನನ್ನೂ. ನೂರಾರು ಹಂತ, ಪ್ರತಿಯೊಂದಕ್ಕೂ ಕಂಪ್ರೆಸರ್, ಒತ್ತಿದಾಗ ಬಿಸಿಯಾದದ್ದನ್ನು ಆರಿಸಲು ಕೂಲರ್.

ನಿಮ್ಮ ಕೊಳವೆಯ ದೂರದ ನೆಂಟ ದಕ್ಷಿಣ ಆಫ್ರಿಕಾದಲ್ಲಿತ್ತು. ಅವರ ವಿಧಾನ ಸುಳಿ ಕೊಳವೆಯದ್ದೇ, ಅನಿಲವನ್ನು ಬದಿಯಿಂದ ಕೊಳವೆಗೆ ಹೊಡೆದು ಸುತ್ತಿಸುವುದು. ‘ಗೋಡೆ ನಿಂತ ಸೆಂಟ್ರಿಫ್ಯೂಜ್’ ಅಂತ ಕರೆಯುತ್ತಿದ್ದರು. 1970ರ ಜುಲೈನಲ್ಲಿ ಪ್ರಧಾನಿ ವೋರ್ಸ್ಟರ್ ಸಂಸತ್ತಿನಲ್ಲಿ ಹೊಸ ವಿಧಾನ ಕಂಡುಹಿಡಿದಿದ್ದೇವೆ ಅಂತ ಘೋಷಿಸಿದರು. ಪ್ರಿಟೋರಿಯಾ ಹತ್ತಿರ ವಾಲಿಂಡಾಬಾ ಎಂಬಲ್ಲಿ ‘ವೈ’ ಸ್ಥಾವರ ಕಟ್ಟಿದರು. ವಾಲಿಂಡಾಬಾ ಅಂದರೆ ಅಲ್ಲಿನ ಭಾಷೆಯಲ್ಲಿ ‘ಇದರ ಬಗ್ಗೆ ಮಾತೇ ಬೇಡ’ ಎಂಬ ಅರ್ಥವಂತೆ. ಎಷ್ಟು ಸರಿಯಾದ ಹೆಸರು ನೋಡಿ. 1978ರಲ್ಲಿ ಬಾಂಬಿಗೆ ಹತ್ತಿರದ ಸಂವರ್ಧಿತ ಯುರೇನಿಯಂ ಹೊರಬಂತು. ಮರುವರ್ಷ ಆಗಸ್ಟ್‌ನಲ್ಲಿ ಹೈಡ್ರೋಜನ್ನೇ ಕೈಕೊಟ್ಟಿತು. ಹೆಕ್ಸಾಫ್ಲೋರೈಡಿನ ಜೊತೆ ಸೇರಿ ಪ್ರತಿಕ್ರಿಯೆ ಶುರುವಾಗಿ ಒಳಗಿನ ಅನಿಲ ಹಾಳಾಯಿತು. ಸ್ಥಾವರ ತಿಂಗಳುಗಟ್ಟಲೆ ನಿಂತಿತು.

ಆದರೂ ಬಿಡಲಿಲ್ಲ. ಆರು ಬಾಂಬ್ ಪೂರ್ತಿ ಮಾಡಿದರು, ಏಳನೆಯದ್ದು ಅರ್ಧ. ಆಮೇಲೆ ತಾವೇ ಬಿಚ್ಚಿ ಹಾಕಿದರು. 1990ರ ಫೆಬ್ರವರಿಯಲ್ಲಿ ‘ವೈ’ ಮುಚ್ಚಿತು, 1991ರಲ್ಲಿ ಪರಮಾಣು ಪ್ರಸರಣ ತಡೆ ಒಪ್ಪಂದಕ್ಕೆ ಸೇರಿದರು, 1993ರ ಮಾರ್ಚ್ 24ರಂದು ಅಧ್ಯಕ್ಷ ಡಿ ಕ್ಲರ್ಕ್ ಎಲ್ಲವನ್ನೂ ಸಂಸತ್ತಿನಲ್ಲಿ ಒಪ್ಪಿಕೊಂಡರು. ಮಾಡಿದ ಬಾಂಬನ್ನು ತಾನೇ ಕಳಚಿದ ದೇಶ ಬೇರೆ ಇಲ್ಲ. ಕೂಬರ್ಗ್ ವಿದ್ಯುತ್ ಸ್ಥಾವರಕ್ಕೆ ಇಂಧನ ಮಾಡಲೆಂದು ಕಟ್ಟಿದ್ದ ದೊಡ್ಡ ‘ಝಡ್’ ಸ್ಥಾವರ 1995ರಲ್ಲಿ ಮುಚ್ಚಿತು. ಲೆಕ್ಕ ಗಿಟ್ಟಲಿಲ್ಲ.

ಗಡಿನಾಡ ಗುಬ್ಬಿ, ಮಂಜೇಶ್ವರ

ಎಷ್ಟು ಕರೆಂಟ್ ಅಂತ ಹೇಳಲೇ ಇಲ್ಲ. ನಮಗೆ ಅರ್ಥವಾಗುವ ಹಾಗೆ ಹೇಳಿ, ಕೆಎಸ್‌ಇಬಿ ಬಿಲ್ಲಿನ ಭಾಷೆಯಲ್ಲಿ.

ಉಪ್ಪಳ ಸ್ಟೇಷನ್

ಹೇಳುತ್ತೇನೆ. ಬೇರ್ಪಡಿಸುವ ಶ್ರಮವನ್ನು ಅಳೆಯಲು ಒಂದು ಅಳತೆ ಇದೆ, ಆ ಕಸುಬಿನವರು ‘ಸ್ವೂ’ ಅನ್ನುತ್ತಾರೆ. ಅದರ ಹಿಂದಿನ ಲೆಕ್ಕವೂ ಡಿರಾಕ್ ಅವರದ್ದೇ. ಒಂದು ಸ್ವೂಗೆ ನಾಝಲ್ ವಿಧಾನದಲ್ಲಿ ಸುಮಾರು 3000 ಯೂನಿಟ್ ಕರೆಂಟ್ ಬೇಕು. ಸಣ್ಣ ತೂತಿನ ಪರದೆಯಿಂದ ಅನಿಲ ಸೋಸುವ ಅಮೆರಿಕದವರ ಹಳೆಯ ಜರಡಿ ವಿಧಾನಕ್ಕೆ 2400ರಿಂದ 2500. ಸೆಂಟ್ರಿಫ್ಯೂಜಿಗೆ ಸುಮಾರು 50.

ನಮ್ಮ ಮನೆಗೆ ಎರಡು ತಿಂಗಳಿಗೆ ಬರುವ ಬಿಲ್ 250 ಯೂನಿಟ್. ಅಂದರೆ ನಾಝಲ್‌ನಲ್ಲಿ ಒಂದು ಸ್ವೂ ಮಾಡುವ ಕರೆಂಟಿನಲ್ಲಿ ನನ್ನ ಮನೆ ಎರಡು ವರ್ಷ ನಡೆಯುತ್ತದೆ. ಸೆಂಟ್ರಿಫ್ಯೂಜಿನ ಕರೆಂಟಿನಲ್ಲಿ ಹನ್ನೆರಡು ದಿನ.

ಅಡಿಕೆ ಸೋಗೆ, ಮುಳ್ಳೇರಿಯಾ

ಒಂದು ರಿಯಾಕ್ಟರಿಗೆ ವರ್ಷಕ್ಕೆ ಎಷ್ಟು ಸ್ವೂ? ಅದು ಮಾಡುವ ಕರೆಂಟನ್ನೆಲ್ಲ ಇದೇ ನುಂಗಿಬಿಡುತ್ತದಾ?

ಉಪ್ಪಳ ಸ್ಟೇಷನ್

ಇಲ್ಲ. 1000 ಮೆಗಾವ್ಯಾಟಿನದ್ದಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷ ಸ್ವೂ. ನಾಝಲ್ ಆದರೆ 30 ಕೋಟಿ ಯೂನಿಟ್, ಸೆಂಟ್ರಿಫ್ಯೂಜ್ ಆದರೆ 50 ಲಕ್ಷ. ಆ ರಿಯಾಕ್ಟರ್ ವರ್ಷಕ್ಕೆ 700 ಕೋಟಿ ಯೂನಿಟ್ ಮಾಡುತ್ತದೆ.

ಅಡಿಕೆ ಸೋಗೆ, ಮುಳ್ಳೇರಿಯಾ

ಹಾಗಾದ್ರೆ ನೂರಕ್ಕೆ ನಾಲ್ಕು ತಾನೆ? ಅಷ್ಟು ದೊಡ್ಡ ನಷ್ಟವಲ್ಲ. ಅಡಿಕೆ ಸುಲಿಯುವವರಿಗೆ ಅದಕ್ಕಿಂತ ಜಾಸ್ತಿ ಕೊಡುತ್ತೇವೆ ನಾವು.

ಹೊಸೂರು ಫಿಟ್ಟರ್

ಪಕ್ಕದ ತೋಟದವನು ಅದೇ ಅಡಿಕೆಯನ್ನು ನಿಮ್ಮ ಅರವತ್ತನೇ ಒಂದು ಪಾಲು ಕೂಲಿಗೆ ಸುಲಿಸಿದರೆ ಮಂಡಿಯಲ್ಲಿ ನಿಮ್ಮ ರೇಟ್ ಯಾರು ಕೇಳುತ್ತಾರೆ ಸ್ವಾಮಿ?

ಅಡಿಕೆ ಸೋಗೆ, ಮುಳ್ಳೇರಿಯಾ

ಸರಿ ಸರಿ, ಬಿದ್ದೆ.

ಗಡಿನಾಡ ಗುಬ್ಬಿ, ಮಂಜೇಶ್ವರ

ನೀವೆಲ್ಲ ಕರೆಂಟ್ ಲೆಕ್ಕ ಹಾಕುತ್ತಿದ್ದೀರಿ. ನನಗೆ ಬೇರೆ ಯೋಚನೆ. ಹೆಲಿಕಾಪ್ಟರಿನಲ್ಲಿ ಗೇರು ತೋಟಕ್ಕೆ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ‘ಸಣ್ಣ ಸಂದಿಯಿಂದ ಅನಿಲ ಬಿಡುವುದು’ ಅಂದಾಗ ಮಕ್ಕಳ ಮನೆಯವರು ಏನು ಅಂದುಕೊಳ್ಳಬಹುದು ಮಾಷ್ಟ್ರೇ? ಈ ಅನಿಲ ಹೊರಗೆ ಬಂದರೆ ಏನಾಗುತ್ತದೆ, ಅದನ್ನೂ ಹೇಳಿ.

ಉಪ್ಪಳ ಸ್ಟೇಷನ್

ಹೇಳಲೇಬೇಕಾದ ಮಾತು. ಹೆಕ್ಸಾಫ್ಲೋರೈಡಿಗೆ ನೀರಿನ ಪಸೆ ಕಂಡರೆ ಆಗುವುದಿಲ್ಲ. ತೇವ ತಗುಲಿದ ಕೂಡಲೇ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ, ಅದು ಚರ್ಮ, ಶ್ವಾಸಕೋಶ ಎರಡನ್ನೂ ಸುಡುತ್ತದೆ. ನಮ್ಮ ಆಟಿ ತಿಂಗಳ ಗಾಳಿ, ಗೋಡೆಯೇ ಬೆವರುವ ಗಾಳಿ ಇದೆಯಲ್ಲ, ಅದು ಸೋಕಿದರೂ ಸಾಕು. ಇಂಥ ಸ್ಥಾವರಗಳಲ್ಲಿ ಜನರಿಗೆ ಮೊದಲು ಅಪಾಯ ವಿಕಿರಣದಿಂದಲ್ಲ, ಈ ರಾಸಾಯನಿಕದಿಂದ. ಇದು ಮನೆಯಂಗಳದಲ್ಲಿ ಮಾಡುವ ಪ್ರಯೋಗವಲ್ಲ, ಯಾವ ದೇಶವೂ ಮಾಡಲು ಬಿಡುವುದೂ ಇಲ್ಲ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ, ಹುಡುಗನಿಗೆ ಇಷ್ಟವಾಗಬಹುದು. ಈ ಸಂದಿಗಳು ಎಷ್ಟು ಚಿಕ್ಕದಾದರೆ ಅಷ್ಟು ಅನುಕೂಲ. ಕೂದಲಿಗಿಂತ ಸಪೂರದ ಸಂದಿಯನ್ನು ಒಂದೇ ಅಳತೆಗೆ ರಾಶಿಗಟ್ಟಲೆ ಕೊರೆಯುವುದು ಹೇಗೆ? ಕಾರ್ಲ್ಸ್‌ರೂಹೆಯಲ್ಲಿ ಬೆಕರ್, ಎರ್‌ಫೆಲ್ಡ್ ತಂಡ 1980ರ ದಶಕದ ಶುರುವಿನಲ್ಲಿ ಎಕ್ಸ್-ರೇಯಿಂದ ಅಚ್ಚು ಕೊರೆದು, ಅದರೊಳಗೆ ಲೋಹ ತುಂಬುವ ಒಂದು ದಾರಿ ಕಂಡುಕೊಂಡಿತು. ಹೆಸರು ‘ಲಿಗಾ’. ಯುರೇನಿಯಂ ಕಥೆ ಮುಗಿಯಿತು, ಲಿಗಾ ಉಳಿಯಿತು. ಈಗ ಅದರಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹಲ್ಲುಚಕ್ರ ಮಾಡುತ್ತಾರೆ.

ಜತ್ತದ ಜ್ವಾಳ

ತಿರುಗುವ ಭಾಗ ಇಲ್ಲದ್ದನ್ನು ಮಾಡಾಕ ಹೋಗಿ ಕಡೀಗೆ ಹಲ್ಲುಚಕ್ರ ಮಾಡಿದರು! ಭಾಳ ಚಲೋ ಆತು.

ಹೊಸೂರು ಫಿಟ್ಟರ್

ಮಾಷ್ಟ್ರೇ, ನನ್ನ ಹತ್ತಿರ ಹಳೆಯ ವೊರ್ಟೆಕ್ಸ್ ಟ್ಯೂಬ್ ಒಂದಿದೆ. ನನ್ನ ಭಾವ ಬುಧವಾರ ಮಂಗಳೂರಿಗೆ ಬರುತ್ತಾನೆ, ಕೊಟ್ಟು ಕಳಿಸುತ್ತೇನೆ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಇದ್ದರೆ ಸಾಕು. ಬರೀ ಗಾಳಿ, ಬೇರೆ ಏನೂ ಬೇಡ. ಟ್ಯಾಂಕ್ ಒಂದೆರಡು ನಿಮಿಷಕ್ಕೆ ಖಾಲಿಯಾಗುತ್ತದೆ, ಮೋಟಾರು ಓಡುತ್ತಲೇ ಇರಬೇಕು. ಕಣ್ಣಿಗೆ ಕನ್ನಡಕ ಹಾಕಿಸಿ.

ಪೆರ್ಲದ ಮಾಷ್ಟ್ರು

ಎಲ್ಲರಿಗೂ ಋಣಿ. ಟ್ಯೂಬ್ ಗುರುವಾರ ಕೈಸೇರಿತು. ನಿನ್ನೆ ಶನಿವಾರ ಮಕ್ಕಳನ್ನು ಕರೆದುಕೊಂಡು ಪೇಟೆಯ ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೆ ಶಿಷ್ಯ, ಇಲ್ಲ ಅನ್ನಲಿಲ್ಲ.

ಗಾಳಿ ಬಿಟ್ಟೆವು. ಕೊಳವೆ ಸೀಟಿ ಹೊಡೆದ ಹಾಗೆ ಕಿರುಚಿತು. ಹುಡುಗ ತಣ್ಣನೆ ತುದಿಗೆ ಬೆರಳಿಟ್ಟು "ಅಯ್ಯಬ್ಬಾ" ಅಂದ. ಉಳಿದವರು ಸಾಲು ನಿಂತರು. ಒಬ್ಬೊಬ್ಬರು ಎರಡೆರಡು ಸಲ. ಹುಡುಗ ಕೊಳವೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸರ್, ಒಳಗೆ ನಿಜವಾಗಿಯೂ ಏನೂ ಇಲ್ಲ" ಅಂದ. ನಾನು ಗಂಟಲು ಸರಿಮಾಡಿಕೊಂಡು ಕಂಪ್ರೆಸರಿನ ಕಥೆ ಶುರುಮಾಡಬೇಕು ಅನ್ನುವಷ್ಟರಲ್ಲಿ ಅಂಗಡಿಯವನು ಒಳಗಿನಿಂದ ತಲೆ ಹೊರಗೆ ಹಾಕಿದ.

"ಮಾಷ್ಟ್ರೇ, ಇನ್ನೂ ಎಷ್ಟು ಹೊತ್ತು? ಮೋಟಾರು ನಿಂತೇ ಇಲ್ಲ. ಈ ತಿಂಗಳ ಬಿಲ್ ಅರ್ಧ ವಾಚನಾಲಯದ ಲೆಕ್ಕಕ್ಕೆ ಬರೆಯಲಾ?"

ಹುಡುಗ ಒಮ್ಮೆ ಮೋಟಾರಿನ ಕಡೆ ನೋಡಿದ, ಒಮ್ಮೆ ಕೈಯಲ್ಲಿದ್ದ ಕೊಳವೆಯ ಕಡೆ ನೋಡಿದ. "ಓ" ಅಂದ.